ನೆರೆ ಐವತ್ತು ವರ್ಷಕ್ಕೊಮ್ಮೆ ತಾನೇ, ಹಳೆ ಕಥೆ ಕೆದಕಿ ಏನು ಲಾಭ?

ಪ್ರಶ್ನೆ: ನೇತ್ರಾವತಿ ಹತ್ತಿರ 10 ಸೆಂಟ್ಸ್ ಜಾಗ ನೋಡಿದ್ದೇವೆ. 1923ರಲ್ಲಿ ದೊಡ್ಡ ನೆರೆ, 1974ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. ಐವತ್ತು ವರ್ಷಕ್ಕೊಮ್ಮೆ ಬರುವುದು ಬಂದು ಹೋಯಿತು, ಇನ್ನು ನಿಮ್ಮ ಕಾಲಕ್ಕೆ ಹೆದರಿಕೆ ಇಲ್ಲ ಎನ್ನುತ್ತಾರೆ ಬ್ರೋಕರ್. ಜಾಗದ ಇತಿಹಾಸ ಹುಡುಕಿದರೆ ನಿಜಕ್ಕೂ ಪ್ರಯೋಜನ ಉಂಟೇ?

ಉತ್ತರ: ಉಂಟು, ಬಹಳ ಉಂಟು. ಮಳೆಗಾಲ ಹತ್ತಿರ ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ, ಜೊತೆಗೆ ಆ ಐವತ್ತು ವರ್ಷದ ಲೆಕ್ಕವೂ ಬರುತ್ತದೆ. ಎಷ್ಟು ಸಲ ಹೇಳಿದರೂ ಅದು ಸಾಯುವುದಿಲ್ಲ. ಆದ್ದರಿಂದ ಈ ಸಲ ಮೊದಲು ಅದನ್ನೇ ಪೂರ್ತಿ ಬಿಡಿಸುತ್ತೇನೆ.

1923ರ ಆಗಸ್ಟ್‌ನ ನೆರೆಯನ್ನು ಹಿರಿಯರು ಮಾರಿಬೊಳ್ಳ ಎನ್ನುತ್ತಿದ್ದರು. ಅದಾಗಿ 51 ವರ್ಷಕ್ಕೆ 1974ರದ್ದು ಬಂತು. ಎರಡು ಇಸವಿ, ನಡುವೆ ಒಂದೇ ಒಂದು ಅಂತರ. ಒಂದು ಅಂತರವನ್ನು ಹಿಡಿದು 'ಇದೇ ನದಿಯ ಪದ್ಧತಿ' ಎನ್ನಲು ಬರುವುದಿಲ್ಲ. 2019 ಬಂದದ್ದು 45ನೇ ವರ್ಷಕ್ಕೆ, ಅಲ್ಲಿಗೆ ಆ ಪದ್ಧತಿಯೂ ಮುರಿಯಿತು. ಅದಕ್ಕಿಂತ ಮುಖ್ಯ ಸಂಗತಿ, ಮನೆಯೊಳಗೆ ಬಂದ ನೀರಷ್ಟೇ ಜನರ ನೆನಪಿನಲ್ಲಿ ಉಳಿಯುತ್ತದೆ. ಗದ್ದೆ ಮುಳುಗಿಸಿ ಅಂಗಳದ ಅಂಚಿನಿಂದ ಹಿಂದೆ ಸರಿದ ನೀರನ್ನು ಆಗ ಯಾರೂ ನೆರೆ ಎಂದು ಎಣಿಸಲಿಲ್ಲ. ಆ ಗದ್ದೆಯಲ್ಲೇ ಇವತ್ತು ನಿಮಗೆ ಸೈಟ್ ತೋರಿಸುತ್ತಿದ್ದಾರೆ.

'50 ವರ್ಷಕ್ಕೊಮ್ಮೆಯ ನೆರೆ' ಎಂಬ ಮಾತು ಎಂಜಿನಿಯರುಗಳ ಲೆಕ್ಕದಲ್ಲೂ ಇದೆ. ಅಲ್ಲಿ ಅದರ ಅರ್ಥ ಬೇರೆ: ಅಷ್ಟು ಎತ್ತರದ ನೀರು ಬರುವ ಸಾಧ್ಯತೆ ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ 2. ಚೆನ್ನೆಮಣೆ ಆಡುವ ಕೆಂಪು ಮಂಜೊಟ್ಟಿ 49 ತೆಗೆದುಕೊಳ್ಳಿ, ಜೊತೆಗೆ ಒಂದು ಕಪ್ಪು ಬೀಜ ಹಾಕಿ ಚೀಲಕ್ಕೆ ತುಂಬಿ. ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಂದು ಬೀಜ ತೆಗೆಯಿರಿ, ನೋಡಿ ಮತ್ತೆ ಚೀಲಕ್ಕೇ ಹಾಕಿ. ಬ್ರೋಕರ್ ತಪ್ಪುವುದು ಇಲ್ಲೇ. ಕಪ್ಪು ಬೀಜ ಒಮ್ಮೆ ಹೊರಬಂದರೆ ಅದು ಹೊರಗೇ ಉಳಿಯಿತು ಎಂದು ಅವರು ತಿಳಿದಿದ್ದಾರೆ. ಮಳೆ ಅದನ್ನು ಪ್ರತಿ ಸಲವೂ ಚೀಲಕ್ಕೆ ಹಾಕುತ್ತದೆ. ಹೋದ ವರ್ಷ ಕಪ್ಪು ಬಂದಿದ್ದರೂ ಈ ವರ್ಷ ಅದು ಬರುವ ಸಾಧ್ಯತೆ ಅದೇ 2.

ಈಗ ಇದನ್ನು ಮನೆಸಾಲಕ್ಕೆ ಹೊಂದಿಸಿ ನೋಡಿ. ಒಂದು ವರ್ಷ ಪಾರಾಗುವ ಸಾಧ್ಯತೆ 0.98. ಅದನ್ನು ಅದರಿಂದಲೇ 20 ಸಲ ಗುಣಿಸಿದರೆ 0.67 ಸಿಗುತ್ತದೆ. ಅಂದರೆ 20 ವರ್ಷದ ಸಾಲ ತೀರುವುದರೊಳಗೆ ಆ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 33. 30 ವರ್ಷಕ್ಕೆ 45. ಪೂರ್ತಿ 50 ವರ್ಷಕ್ಕೆ 64, ಬಾರದೆ ಉಳಿಯುವ ಸಾಧ್ಯತೆಯೂ 36. 'ಐವತ್ತು ವರ್ಷಕ್ಕೊಮ್ಮೆ' ಎಂಬ ಮಾತು ಕೊಡುವ ಧೈರ್ಯ ಈ ಅಂಕಿಗಳಲ್ಲಿ ಎಲ್ಲೂ ಇಲ್ಲ. ಇದೂ ಕೂಡ ಚೀಲದಲ್ಲಿ ಕಪ್ಪು ಬೀಜ ಒಂದೇ ಇದೆ ಎಂದು ನಂಬಿದರೆ ಮಾತ್ರ. ಗದ್ದೆಗಳಿಗೆ ಮಣ್ಣು ತುಂಬಿ, ತೋಡುಗಳನ್ನು (ಮಳೆನೀರು ಹರಿದುಹೋಗುವ ಕಿರುಹಳ್ಳ) ಕಿರಿದು ಮಾಡಿ, ರಸ್ತೆ ಎತ್ತರಿಸಿ ಅಡಿಗೆ ಚಿಕ್ಕ ಮೋರಿ ಇಟ್ಟರೆ, ಮೊದಲಿನಷ್ಟೇ ಮಳೆಗೆ ನೀರು ಮೊದಲಿಗಿಂತ ಮೇಲೆ ನಿಲ್ಲುತ್ತದೆ. ಕಪ್ಪು ಬೀಜಗಳನ್ನು ನಾವೇ ಹೆಚ್ಚಿಸಿದ ಹಾಗೆ.

ಇನ್ನೊಂದು ತಪ್ಪು, ನೇತ್ರಾವತಿಯ ಇಸವಿಗಳನ್ನು ಇಡೀ ಕರಾವಳಿಗೆ ಅನ್ವಯಿಸುವುದು. 2018ರ ಮೇ 29ರಂದು ಮಂಗಳೂರು ಮುಳುಗಿದಾಗ ಸಮಸ್ಯೆ ಇದ್ದದ್ದು ನಗರದೊಳಗಿನ ತೋಡುಗಳಲ್ಲಿ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಕೃಷ್ಣಮಠದ ಪರಿಸರಕ್ಕೆ ನೀರು ಬಂದದ್ದಕ್ಕೂ ನೇತ್ರಾವತಿಗೂ ಸಂಬಂಧವಿಲ್ಲ. ಪ್ರತಿ ಹೊಳೆಗೂ ಪ್ರತಿ ತೋಡಿಗೂ ಅದರದೇ ಚೀಲ.

ಹಾಗಾದರೆ ಇತಿಹಾಸದಿಂದ ಸಿಗುವುದೇನು? ಮುಂದಿನ ನೆರೆಯ ತಾರೀಕು ಸಿಗುವುದಿಲ್ಲ. ಸಿಗುವುದು ಮೂರು ಸಂಗತಿ: ನೀರು ಎಷ್ಟು ಎತ್ತರ ಬಂತು, ಯಾವ ದಾರಿಯಲ್ಲಿ ಬಂತು, ಆಮೇಲೆ ಆ ದಾರಿಯಲ್ಲಿ ಏನೇನು ಬದಲಾಯಿತು.

ಎತ್ತರದಿಂದ ಶುರುಮಾಡಿ. ಹತ್ತಿರದ ಹಳೆ ಮನೆ, ಮಸೀದಿ, ದೈವಸ್ಥಾನ, ಅಂಗಡಿಯ ಗೋಡೆಯಲ್ಲಿ ನೆರೆಯ ಗುರುತು ಇದೆಯೇ ಕೇಳಿ. ಗುರುತು ಸಿಕ್ಕಿದರೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಸಾಕು, ದುಬಾರಿ ಯಂತ್ರ ಬೇಡ. 15ರಿಂದ 20 ಮೀಟರ್ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯ ನೀರನ್ನು ಗುರುತಿಗೆ ಸರಿಹೊಂದಿಸಿ. ಇನ್ನೊಂದು ತುದಿಯಲ್ಲಿ ನೀರು ನಿಂತ ಜಾಗವೂ ಅದೇ ಎತ್ತರ. ಅಲ್ಲೊಂದು ಗೂಟ ನೆಟ್ಟು ಗೆರೆ ಎಳೆದು ಮುಂದಿನ ಹಂತಕ್ಕೆ ಹೋಗಿ, ನಿಮ್ಮ ಸೈಟ್ ಮುಟ್ಟುವವರೆಗೆ. ತಪ್ಪಾಗುವುದು ಎರಡು ಕಡೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಎರಡು ತುದಿ ಒಂದೇ ಮಟ್ಟ ತೋರಿಸುವುದಿಲ್ಲ, ಇಂಚುಗಟ್ಟಲೆ ವ್ಯತ್ಯಾಸ ಬರುತ್ತದೆ. ತುದಿಯ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಓದಿದರೂ ಹಾಗೆಯೇ. ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಅಳೆಯುತ್ತಾ ಬನ್ನಿ. ಮೊದಲ ಗುರುತಿಗೆ ಒಂದು ಇಂಚಿನೊಳಗೆ ಬಂದು ಸೇರಿದರೆ ನಂಬಬಹುದು.

ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಮಳೆಗಾಲದಲ್ಲಿ ಅಲ್ಲಿಯ ನೀರಿನ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ನದಿ 8.5 ಮುಟ್ಟಿದ ದಿನ ನಿಮ್ಮ ಜಾಗಕ್ಕೆ ಹೋಗಿ ನೀರು ಎಲ್ಲಿದೆ ನೋಡಿ, ಬರೆದಿಡಿ. ಎರಡು ಮಳೆಗಾಲದಲ್ಲಿ ನಿಮ್ಮದೇ ಒಂದು ಪಟ್ಟಿ ಆಗುತ್ತದೆ.

ಹಿರಿಯರಲ್ಲಿ ಕೇಳುವ ಕ್ರಮವೂ ಒಂದಿದೆ. 'ಇಲ್ಲಿ ನೀರು ಬರುತ್ತಿತ್ತಾ ಅಜ್ಜೇರೆ?' ಎಂದು ಕೇಳಿದರೆ ಉತ್ತರ ಬಹುತೇಕ 'ಇಲ್ಲ'. ಜಾಗದ ಬೆಲೆ ಬೀಳುವುದು ಯಾರಿಗೂ ಬೇಡ. ದೋಣಿ ಎಲ್ಲಿ ಕಟ್ಟುತ್ತಿದ್ದಿರಿ, ದನಗಳನ್ನು ಯಾವ ಗುಡ್ಡೆಗೆ ಹೊಡೆದಿರಿ, ಕೊಳಕೆ (ಬೇಸಿಗೆಯ ಮೂರನೆಯ ಭತ್ತದ ಬೆಳೆ) ಯಾವ ಗದ್ದೆಯಲ್ಲಿ ಮಾಡುತ್ತಿದ್ದಿರಿ ಎಂದು ಕೇಳಿ. ಇಸವಿ ನೆನಪಾಗದಿದ್ದರೆ 'ಡಿಕ್ಲರೇಶನ್‌ಗೆ ಮೊದಲೋ ಆಮೇಲೋ' ಎಂದು ಕೇಳಿ. ಡಿಕ್ಲರೇಶನ್ ಎಂದರೆ ಭೂಸುಧಾರಣೆಯಲ್ಲಿ ತಾವು ಉಳುವ ಗದ್ದೆ ತಮಗೆ ಸಿಗಲೆಂದು ಒಕ್ಕಲುಗಳು ಕೊಟ್ಟ ಅರ್ಜಿ. ಗೇಣಿ ಪದ್ಧತಿ ರದ್ದಾದದ್ದು 1974ರ ಮಾರ್ಚ್ 1ರಿಂದ. ಒಕ್ಕಲು ಮನೆಗಳಲ್ಲಿ ಅದನ್ನು ಮರೆತವರಿಲ್ಲ.

ಕೊಳಕೆಯ ಪ್ರಶ್ನೆ ಯಾಕೆ ಮುಖ್ಯ ಎಂದರೆ, ನಮ್ಮ ಹಿಂದಿನವರು ನೆಲವನ್ನು ನೀರಿನಿಂದಲೇ ವಿಂಗಡಿಸಿದ್ದರು. ಮೇಲಿನದು ಬೆಟ್ಟು, ಮಳೆ ನಂಬಿ ಏಣೆಲು (ಮಳೆಗಾಲದ ಭತ್ತ) ಒಂದೇ ಬೆಳೆ. ನಡುವಿನದು ಮಜಲು, ಏಣೆಲು ಮತ್ತು ಅದರ ನಂತರದ ಸುಗ್ಗಿ ಬೆಳೆ. ಕಣಿವೆಯ ತಳದ್ದು ಬೈಲು, ಅಲ್ಲಿ ನೀರು ಕೊನೆಯವರೆಗೆ ಇರುವುದರಿಂದ ಮೂರನೆಯ ಕೊಳಕೆಯೂ ಆಗುತ್ತಿತ್ತು. ಕೊಳಕೆ ಬೆಳೆದ ಗದ್ದೆ ಎಂದರೆ ಸುತ್ತಲಿನ ಗುಡ್ಡೆಗಳ ನೀರೆಲ್ಲ ಬಂದು ಸೇರುವ ಜಾಗ. ಅಲ್ಲಿ ಲೇಔಟ್ ಮಾಡಿದ ಮಾತ್ರಕ್ಕೆ ನೀರು ದಾರಿ ಬದಲಿಸುವುದಿಲ್ಲ. ಊರಿನ ಹೆಸರುಗಳೂ ಇದನ್ನೇ ಹೇಳುತ್ತವೆ. ಉಡುಪಿಯ ಗುಂಡಿಬೈಲು, ಬೈಲಕೆರೆ ಎಂಬ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಕಲ್ಸಂಕ ಎಂದರೆ ಕಲ್ಲಿನ ಸಂಕ (ಕಿರುಸೇತುವೆ), ಸಂಕ ಇದ್ದಲ್ಲಿ ಅಡಿಗೆ ತೋಡು ಇರಲೇಬೇಕು. ಹೆಸರೊಂದನ್ನೇ ನಂಬಬೇಡಿ, ಬೆಟ್ಟು ಎಂಬ ಹೆಸರಿನ ಊರಿಗೂ ತಗ್ಗಿನ ಅಂಚು ಇರುತ್ತದೆ.

ಕಾಗದಪತ್ರದಲ್ಲಿ ಇ.ಸಿ. (ಋಣಭಾರ ಪತ್ರ) ಸ್ವಚ್ಛ ಇದೆ ಎಂದು ನೆಮ್ಮದಿಯಾಗುವವರೇ ಹೆಚ್ಚು. ಇ.ಸಿ. ಹೇಳುವುದು ನೋಂದಣಿಯಾದ ಮಾರಾಟ, ಅಡಮಾನಗಳ ವಿಷಯ, ನೀರಿನ ವಿಷಯ ಅದರಲ್ಲಿಲ್ಲ. ನೋಡಬೇಕಾದದ್ದು ಹಳೆಯ ಆರ್‌ಟಿಸಿ. ಜಾಗ ತರಿ (ನೀರಿನ ಗದ್ದೆ) ಎಂದಿತ್ತೇ, ಖುಷ್ಕಿ (ಒಣಭೂಮಿ) ಎಂದಿತ್ತೇ, ಬಾಗಾಯ್ತೇ (ತೋಟ)? ಭೂಪರಿವರ್ತನೆ ಆಗಿದ್ದರೆ ಆದೇಶದ ಪ್ರತಿ ಕೇಳಿ ಪಡೆಯಿರಿ. ಗ್ರಾಮನಕ್ಷೆಯಲ್ಲಿ ತೋಡು ಎಲ್ಲಿ ಹಾದಿದೆ ನೋಡಿ, ಆಮೇಲೆ ಜಾಗದಲ್ಲಿ ನಿಂತು ಅದು ಈಗ ಎಲ್ಲಿದೆ ಎಂದು ಹುಡುಕಿ. ನಕ್ಷೆಯಲ್ಲಿದ್ದು ನೆಲದಲ್ಲಿ ಇಲ್ಲದ ತೋಡು ಕಂಡರೆ ಮುಂಗಡ ಕೊಡಬೇಡಿ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಹಿಂದಿನ ಬೆಳೆ ದಾಖಲೆಗೆ ಅಡಂಗಲ್ ಎಂಬ ಹೆಸರು. ಆ ಪದ ಕಂಡರೆ ಗಾಬರಿಯಾಗಬೇಡಿ.

ಎಲ್ಲ ನೋಡಿಯೂ ಜಾಗ ಬೇಕೇ ಬೇಕು ಎಂದಾದರೆ, ಸಿಕ್ಕಿದ ಅತಿ ಎತ್ತರದ ಗುರುತಿಗಿಂತ ಎರಡು ಅಡಿಯಾದರೂ ಮೇಲೆ ಮನೆಯ ಪಂಚಾಂಗ (ಅಡಿಪಾಯದ ಕಟ್ಟೆ) ಹಾಕಿ. ಸೈಟಿಗೆ ಪೂರ್ತಿ ಮಣ್ಣು ತುಂಬಬೇಡಿ ಮಾರಾಯ್ರೆ, ನಿಮ್ಮ ಪಾಲಿನ ನೀರು ಪಕ್ಕದವರ ಅಡುಗೆಮನೆಗೆ ಹೋಗುತ್ತದೆ. ನೆರೆಯ ರಗಳೆಯೇ ಬೇಡ ಎಂದು ಗುಡ್ಡೆ ಕಡಿದು ಕಟ್ಟುವವರಿಗೂ ಒಂದು ಮಾತು. ಮೇಲಿನ ಮುರಕಲ್ಲು ಗಟ್ಟಿ, ಅದರಡಿಯ ಶೇಡಿ ಮಣ್ಣು ಒಣಗಿದ್ದಾಗ ಗೋಡೆಯಂತೆ ನಿಂತು, ನೀರು ಕುಡಿದ ಮೇಲೆ ಹಿಟ್ಟಿನಂತೆ ಜಾರುತ್ತದೆ. ನೇರ ಕಡಿದ ಬರೆಯ (ಗುಡ್ಡೆಯ ಮಣ್ಣಿನ ಗೋಡೆ) ಬುಡದಲ್ಲಿ ಮನೆ ಬೇಡ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ಬೇಸಿಗೆಯ ನೀರು. ಇಷ್ಟು ಮಳೆ ಬೀಳುವ ಮಂಗಳೂರಿನಲ್ಲಿ 2016ರಲ್ಲೂ 2019ರಲ್ಲೂ ಬೇಸಿಗೆಯಲ್ಲಿ ನಳ್ಳಿ ನೀರಿಗೆ ರೇಷನಿಂಗ್ ಆಯಿತು. 2019ರ ಆಗಸ್ಟ್‌ನಲ್ಲಿ ನೆರೆ, ಅದೇ ವರ್ಷದ ಮೇಯಲ್ಲಿ ಬರ. ಎರಡನ್ನೂ ಬೇರೆಬೇರೆ ಸಮಸ್ಯೆ ಎಂದು ತಿಳಿದರೆ ಎರಡೂ ಬಗೆಹರಿಯುವುದಿಲ್ಲ. ಒಂದು ಎಕ್ರೆ ಬೈಲು ಗದ್ದೆಯ ಹುಣಿಯೊಳಗೆ (ಬದುವಿನೊಳಗೆ) ನಾಲ್ಕು ಇಂಚು ನೀರು ನಿಂತರೆ ಅದು ಸುಮಾರು 4 ಲಕ್ಷ ಲೀಟರ್, 12,000 ಲೀಟರಿನ ಟ್ಯಾಂಕರ್ 33 ತುಂಬುವಷ್ಟು. ಗದ್ದೆ ಇದ್ದಾಗ ಆ ನೀರು ತಡೆದು ನಿಂತು, ನಿಧಾನ ಇಂಗಿ, ಅಕ್ಕಪಕ್ಕದ ಬಾವಿಗೆ ಹೋಗುತ್ತಿತ್ತು. ಮಳೆ ಬಿಟ್ಟ ಮೇಲೆ ತೋಡಿಗೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಕೆ ಹಾಕಿ ಕಟ್ಟ ಕಟ್ಟುತ್ತಿದ್ದದ್ದೂ ಇದಕ್ಕೇ. ಮುಂಗಾರಿಗೆ ಮೊದಲು ಅದನ್ನು ಬಿಡಿಸಲೇಬೇಕು, ಇಲ್ಲದಿದ್ದರೆ ಕಟ್ಟದ ಹಿಂದಿನ ಗದ್ದೆ ಮೊದಲ ಮಳೆಗೇ ಮುಳುಗುತ್ತದೆ. ಈಗ ಅದೇ ಒಂದು ಎಕ್ರೆಗೆ ಇಂಟರ್‌ಲಾಕ್ ಹಾಸಿದರೆ ಆ 4 ಲಕ್ಷ ಲೀಟರ್ ಗಂಟೆಯೊಳಗೆ ರಸ್ತೆಗೆ ಬರುತ್ತದೆ, ಮೇ ತಿಂಗಳಿಗೆ ಬಾವಿಯಲ್ಲಿ ಕೆಸರು.

ಆದ್ದರಿಂದ ಜಾಗ ನೋಡಲು ಎರಡು ಸಲ ಹೋಗಿ. ಜುಲೈಯಲ್ಲಿ ಜೋರು ಮಳೆ ಬಿದ್ದ ಮರುದಿನ ಒಮ್ಮೆ, ಮೇ ಮೊದಲ ವಾರದಲ್ಲಿ ಒಮ್ಮೆ. ಎರಡನೇ ಸಲ ಹೋಗುವಾಗ ಹಗ್ಗಕ್ಕೆ ಕಲ್ಲು ಕಟ್ಟಿಕೊಂಡು ಹೋಗಿ ನೆರೆಮನೆಯ ಬಾವಿಯ ನೀರು ಅಳೆಯಿರಿ. ಬೆಳಿಗ್ಗೆ ಪಂಪ್ ಹಾಕುವ ಮೊದಲೇ ಅಳೆಯಿರಿ, ಪಂಪ್ ನಿಲ್ಲಿಸಿದ ಕೂಡಲೇ ಅಳೆದ ಲೆಕ್ಕ ಬಾವಿಯದ್ದಲ್ಲ.