ಪದ ಪರಿಚಯ: ‘ನಿಯಂತ್ರಣ ಮುಕ್ತ’

ಪೆಟ್ರೋಲ್ ದರ ಸುದ್ದಿಯಾದಾಗಲೆಲ್ಲ ಒಂದು ಸಾಲು ತಪ್ಪದೆ ಬರುತ್ತದೆ. ಇಂಧನ ದರ ನಿಯಂತ್ರಣ ಮುಕ್ತವಾಗಿದ್ದು, ತೈಲ ಕಂಪನಿಗಳೇ ದರ ನಿಗದಿ ಮಾಡುತ್ತವೆ. ದರ ಏರಿದ ದಿನ ಆಳುವ ಪಕ್ಷದ ವಕ್ತಾರರು ಟಿವಿಯಲ್ಲಿ ಇದನ್ನೇ ಹೇಳುತ್ತಾರೆ. ವರದಿಗಾರರು ಕೊನೆಯ ಪ್ಯಾರಾದಲ್ಲಿ ಇದನ್ನೇ ಅಂಟಿಸುತ್ತಾರೆ. ಈಗ ಸ್ಪರ್ಧಾತ್ಮಕ ಪರೀಕ್ಷೆಯ ಗೈಡೊಂದರಲ್ಲೂ ಕಂಡಿತು, ‘ಸರ್ಕಾರದ ಹಿಡಿತದಿಂದ ಬಿಡುಗಡೆ’ ಅನ್ನುವ ಅರ್ಥದ ಸಮೇತ. ಓದುವ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ ಅಂದಮೇಲೆ ಸುಮ್ಮನಿರುವುದು ಕಷ್ಟ.

ಪದದಲ್ಲಿ ಎರಡು ತುಂಡಿವೆ. ಎರಡರಲ್ಲೂ ತಕರಾರಿದೆ.

ಮೊದಲ ತುಂಡು ಸಂಸ್ಕೃತದ ‘ಯಮ್’ ಧಾತುವಿನದು. ಹಿಡಿ, ಬಿಗಿಹಿಡಿ, ಅಂಕೆಯಲ್ಲಿಡು ಅಂತ ಅದರ ಅರ್ಥ. ಯಂತ್ರ ಅನ್ನುವ ಪದವೂ ಇದರದೇ ಕೂಸು: ಯಾವುದರಿಂದ ಹಿಡಿದಿಡುತ್ತೇವೋ ಅದು ಯಂತ್ರ. ಕುದುರೆಯ ಹಗ್ಗ ಹಿಡಿದು ರಥ ಓಡಿಸುವವನು ಯಂತೃ, ನಿಯಂತೃ. ಸಂಯಮ, ನಿಯತ, ನಿಯಮ ಎಲ್ಲ ಒಂದೇ ಮನೆಯವು. ಆದರೆ ಒಂದೇ ಮನೆಯಲ್ಲಿ ಹುಟ್ಟಿದ ನಿಯಮ ಮತ್ತು ನಿಯಂತ್ರಣ ಬೇರೆ ಬೇರೆ ಕೆಲಸ ಹಿಡಿದವು. ನಿಯಂತ್ರಣ ಅಂದರೆ ಹಗ್ಗ ಒಬ್ಬರ ಕೈಯಲ್ಲಿದೆ ಅಂತ. ನಿಯಮ ಅಂದರೆ ಮೊದಲೇ ಹೇಳಿಟ್ಟ ಕಟ್ಟಳೆ. ಹಗ್ಗ ಹಿಡಿದವರೂ ಅದಕ್ಕೆ ತಲೆಬಾಗಬೇಕು.

ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಮಾತಿದೆ, ಕಂಟ್ರೋಲ್ ಮತ್ತು ರೆಗ್ಯುಲೇಷನ್. ರೆಗ್ಯುಲೇಷನ್ ಲ್ಯಾಟಿನಿನ ‘ರೆಗುಲಾ’ದಿಂದ ಬಂದದ್ದು. ಗೆರೆ ಎಳೆಯಲು ಇಟ್ಟುಕೊಳ್ಳುವ ನೇರ ಪಟ್ಟಿ ಅದು. ಕಂಟ್ರೋಲ್‌ನ ಹುಟ್ಟು ಇನ್ನೂ ಸ್ವಾರಸ್ಯದ್ದು. ಮಧ್ಯಯುಗದ ಯುರೋಪಿನಲ್ಲಿ ಲೆಕ್ಕ ಬರೆದ ಸುರುಳಿಗೆ ಎದುರಾಗಿ ಇನ್ನೊಂದು ಸುರುಳಿ ಇಡುತ್ತಿದ್ದರು. ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕು. ಆ ಎದುರು ಸುರುಳಿಯ ಹೆಸರೇ ಸವೆದು ಸವೆದು ಕಂಟ್ರೋಲ್ ಆಯಿತು. ಅಂದರೆ ಮೂಲದಲ್ಲಿ ಅದು ಗದರಿಸುವ ಕೆಲಸವಲ್ಲ, ಲೆಕ್ಕ ಕೇಳುವ ಕೆಲಸ. ದೇಶದ ಖರ್ಚುವೆಚ್ಚ ತಪಾಸಣೆ ಮಾಡುವ ಸಿಎಜಿಯ (ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್) ಹೆಸರಿನಲ್ಲಿ ಈ ಹಳೆ ಅರ್ಥ ಈಗಲೂ ಜೀವಂತವಾಗಿದೆ.

ನಮ್ಮ ಕಚೇರಿ ಕನ್ನಡ ಎರಡನ್ನೂ ‘ನಿಯಂತ್ರಣ’ದೊಳಗೆ ತುರುಕಿತು. ಮಾಲಿನ್ಯ ನಿಯಂತ್ರಣ ಮಂಡಳಿ ಸರಿಯೇ, ಮಾಲಿನ್ಯಕ್ಕೆ ಕಡಿವಾಣ ಬೇಕು. ಆದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ? ಇವು ಮಾಡಬೇಕಾದ್ದು ನಿಯಮದ ಕೆಲಸ. ಹೆಸರು ಮಾತ್ರ ಲಾಠಿ ಹಿಡಿದ ಹಾಗಿದೆ. ಹೀಗಾಗಿ ‘ನಿಯಂತ್ರಣ ತೆಗೆದರು’ ಅಂದಾಗ ಏನು ತೆಗೆದರು ಅಂತಲೇ ಗೊತ್ತಾಗುವುದಿಲ್ಲ. ಹಗ್ಗ ಬಿಟ್ಟರೋ, ಕಟ್ಟಳೆ ಕಿತ್ತುಹಾಕಿದರೋ?

ಎರಡನೆಯ ತುಂಡು ‘ಮುಕ್ತ’. ಇದು ಇನ್ನೂ ಕಿಲಾಡಿ. ಈ ಪದ ಯಾವುದರ ಬಾಲಕ್ಕೆ ಅಂಟುತ್ತದೆ ನೋಡಿ. ಪೋಲಿಯೊ ಮುಕ್ತ, ಜೀತ ಮುಕ್ತ, ಬಯಲು ಶೌಚ ಮುಕ್ತ, ಸಾಲ ಮುಕ್ತ. ಮುಕ್ತದ ಮುಂದೆ ನಿಂತದ್ದು ರೋಗವೋ ಶನಿಯೋ ಆಗಿರಲೇಬೇಕು ಅಂತ ಕಿವಿ ಮೊದಲೇ ತೀರ್ಮಾನಿಸಿಬಿಡುತ್ತದೆ. ‘ಕಾಂಗ್ರೆಸ್ ಮುಕ್ತ ಭಾರತ’ ಅಂತ ಘೋಷಣೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಔಷಧಿ ಮುಕ್ತ ಆಸ್ಪತ್ರೆ ಅಂತ ಯಾರೂ ಬೋರ್ಡು ಹಾಕುವುದಿಲ್ಲ, ಅಲ್ವಾ? ‘ನಿಯಂತ್ರಣ ಮುಕ್ತ’ ಅಂದ ಕ್ಷಣ ಸರ್ಕಾರದ ನಿಯಮ ಅನ್ನುವುದು ಪೋಲಿಯೊ ಪಕ್ಕ ಹೋಗಿ ಕೂತಿತು. ವಾದ ಶುರುವಾಗುವ ಮೊದಲೇ ತೀರ್ಪು ಬಂತು.

ಬೆಂಗಳೂರಿನವರಿಗೆ ‘ಸಿಗ್ನಲ್ ಮುಕ್ತ ಕಾರಿಡಾರ್’ ನೆನಪಿರಬೇಕು. ಸಿಗ್ನಲ್‌ನಿಂದ ಮುಕ್ತಿ ಸಿಕ್ಕಿದ್ದು ಕಾರಿನವರಿಗೆ. ತರಕಾರಿ ಚೀಲ ಹಿಡಿದು ರಸ್ತೆ ದಾಟಬೇಕಾದವರಿಗೆ ಇದ್ದ ಒಂದು ಕೆಂಪು ದೀಪವೂ ಹೋಯಿತು. ಯಾವ ‘ಮುಕ್ತ’ ಕಂಡರೂ ಕೇಳಬೇಕಾದ ಪ್ರಶ್ನೆ ಇದು: ಯಾರಿಗೆ ಮುಕ್ತಿ?

ಈಗ ಪೆಟ್ರೋಲ್‌ಗೆ ಬರೋಣ. 2010ರ ಜೂನ್‌ನಲ್ಲಿ ಯುಪಿಎ ಸರ್ಕಾರ ಪೆಟ್ರೋಲ್ ದರವನ್ನು ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಕಿರೀಟ್ ಪಾರಿಖ್ ಸಮಿತಿ ಹಾಗೆ ಮಾಡಿ ಅಂದಿತ್ತು. ಜುಲೈ 5ಕ್ಕೆ ಭಾರತ್ ಬಂದ್ ಆಯಿತು. ಎಡಪಕ್ಷಗಳೂ ಬಿಜೆಪಿ ಕೂಟವೂ ಒಂದೇ ದಿನ ಬೀದಿಗಿಳಿದವು. 2014ರ ಲೋಕಸಭಾ ಪ್ರಚಾರದಲ್ಲಿ ಪೆಟ್ರೋಲ್, ಡೀಸೆಲ್ ದರದ ಏಟು ಅನ್ನುವುದು ಬಿಜೆಪಿಯ ದೊಡ್ಡ ಘೋಷಣೆಗಳಲ್ಲಿ ಒಂದು. ಆಗ ಪೆಟ್ರೋಲ್ ‘ಮುಕ್ತ’ವಾಗಿ ಹತ್ತಿರ ಹತ್ತಿರ ನಾಲ್ಕು ವರ್ಷ ಆಗಿತ್ತು. ಆದರೂ ಅವರು ಬೈದದ್ದು ಸರ್ಕಾರವನ್ನೇ, ಕಂಪನಿಗಳನ್ನಲ್ಲ. ಸರಿಯಾಗೇ ಬೈದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನೂ ಅವರೇ ಬಿಟ್ಟುಕೊಟ್ಟರು. 2017ರ ಜೂನ್ 16ರಿಂದ ಎರಡೂ ದರ ದಿನಾ ಬೆಳಿಗ್ಗೆ ಬದಲಾಗುತ್ತದೆ ಅಂದರು. ಅಂತರರಾಷ್ಟ್ರೀಯ ಮಾರುಕಟ್ಟೆ ಏರಿದರೆ ಏರಿಕೆ, ಇಳಿದರೆ ಇಳಿಕೆ.

ಈ ಮಾತು ನಿಜವಾ ಅಂತ ನೋಡಲು ಅರ್ಥಶಾಸ್ತ್ರ ಬೇಡ, ಚುನಾವಣೆಯ ಕ್ಯಾಲೆಂಡರ್ ಸಾಕು. 2018ರ ಮೇ 12ರಂದು ಕರ್ನಾಟಕ ಮತ ಹಾಕಿತು. ಏಪ್ರಿಲ್ 24ರಿಂದ ಮೇ 13ರ ತನಕ ದಿನಾ ಬದಲಾಗಬೇಕಿದ್ದ ದರ ಒಂದು ಪೈಸೆಯೂ ಅಲ್ಲಾಡಲಿಲ್ಲ. ಮೇ 14ರಂದು ಎದ್ದು ನಡೆಯತೊಡಗಿತು. 2021ರ ನವೆಂಬರ್ 4ರಿಂದ ಮಾರ್ಚ್ ತನಕ 137 ದಿನ ಮತ್ತೆ ಅದೇ ನಿದ್ದೆ. ನಡುವೆ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ನೂರು ಡಾಲರ್ ದಾಟಿತು. ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಫಲಿತಾಂಶ ಬಂದದ್ದು 2022ರ ಮಾರ್ಚ್ 10ಕ್ಕೆ. 22ರಿಂದ ಏರಿಕೆ ಶುರು. ಹದಿನಾರು ದಿನದಲ್ಲಿ ಹದಿನಾಲ್ಕು ಸಲ, ಒಟ್ಟು 10 ರೂಪಾಯಿ. ಮಾರುಕಟ್ಟೆಗೆ ಇಷ್ಟು ಚೆನ್ನಾಗಿ ಮತದಾನದ ದಿನಾಂಕ ಗೊತ್ತಿರುತ್ತದೆ ಅಂತ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಇನ್ನು 2024. ಬೆಂಗಳೂರಿನ ಬಂಕ್‌ಗಳ ಬೋರ್ಡಿನಲ್ಲಿ ಪೆಟ್ರೋಲ್ 101 ರೂಪಾಯಿ 94 ಪೈಸೆಗೆ ಬಂದದ್ದು 2022ರ ಮೇ ತಿಂಗಳಲ್ಲಿ, ಕೇಂದ್ರ ಅಬಕಾರಿ ಸುಂಕ ಇಳಿಸಿದಾಗ. ಮರುತಿಂಗಳು ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್‌ಗೆ ಸರಾಸರಿ 116 ಡಾಲರ್ ಆಗಿತ್ತು. ಬೋರ್ಡಿನಲ್ಲಿ 101.94. ಒಂದು ವರ್ಷದ ನಂತರ 75 ಡಾಲರ್ ಆಸುಪಾಸಿಗೆ ಬಿತ್ತು. ಬೋರ್ಡಿನಲ್ಲಿ ಆಗಲೂ 101.94. ಬೇಕಾದರೆ ಅಂಕಿಗಳನ್ನು ಪೇಂಟ್ ಮಾಡಿಸಿಬಿಡಬಹುದಿತ್ತು.

ಕೊನೆಗೆ 2024ರ ಮಾರ್ಚ್ 14ರ ರಾತ್ರಿ ಎರಡು ರೂಪಾಯಿ ಇಳಿಕೆಯ ಘೋಷಣೆ ಬಂತು. 15ರ ಬೆಳಿಗ್ಗೆ ಬೋರ್ಡಿನಲ್ಲಿ 99.84. ಮೂರಂಕಿ ಎರಡಂಕಿಯಾಯಿತು. 16ರ ಮಧ್ಯಾಹ್ನ ಚುನಾವಣಾ ಆಯೋಗ ಲೋಕಸಭಾ ವೇಳಾಪಟ್ಟಿ ಪ್ರಕಟಿಸಿತು. ನೀತಿ ಸಂಹಿತೆ ಜಾರಿಯಾಯಿತು. ಇಳಿಕೆಯ ಸುದ್ದಿಯನ್ನು ಜನರಿಗೆ ಕೊಟ್ಟು ಪ್ರಧಾನಿಯನ್ನು ಹೊಗಳಿದವರು ಕೇಂದ್ರ ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ. ತಮ್ಮ ಹಿಡಿತದಲ್ಲಿಲ್ಲದ ದರಕ್ಕೆ ಸಚಿವರು ಕೀರ್ತಿ ಪಡೆಯುವುದು ಹೇಗೆ? ಏರಿದಾಗ ಕಂಪನಿ, ಇಳಿದಾಗ ಪ್ರಧಾನಿ. ‘ನಿಯಂತ್ರಣ ಮುಕ್ತ’ಕ್ಕೆ ಬಳಕೆಯಲ್ಲಿರುವ ಅರ್ಥ ನಿಘಂಟಿನಲ್ಲಿ ಹಾಕಬೇಕು ಅಂದರೆ ಇದನ್ನೇ ಹಾಕಬೇಕು.

ಇನ್ನೊಂದು ಅನುಕೂಲವೂ ಇದೆ. ಚುನಾವಣೆ ಹೊತ್ತಿಗೆ ಸರ್ಕಾರ ಹೊಸ ಅನುದಾನ ಘೋಷಿಸಿದರೆ ನೀತಿ ಸಂಹಿತೆ ಅಡ್ಡ ಬರುತ್ತದೆ. ದರವನ್ನು ಮೆತ್ತಗೆ ಹಿಡಿದಿಟ್ಟರೆ ಬರುವುದಿಲ್ಲ. ಯಾಕೆಂದರೆ ಕಾಗದದ ಪ್ರಕಾರ ಅದು ಕಂಪನಿಯ ವ್ಯವಹಾರ. ಆದರೆ ಬಹುಪಾಲು ಬಂಕ್‌ಗಳನ್ನು ನಡೆಸುವ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರೂ ಸರ್ಕಾರಿ ವಲಯದವು.

ಏರದಂತೆ ತಡೆದದ್ದು ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಒಳ್ಳೆಯದೇ. ಯುದ್ಧದ ಕಾಲದಲ್ಲಿ ಆಟೋ ಓಡಿಸುವವರ ಮೇಲೆ, ಪಂಪ್‌ಸೆಟ್‌ಗೆ ಡೀಸೆಲ್ ಹಾಕುವ ರೈತರ ಮೇಲೆ ಪೂರ್ತಿ ಹೊರೆ ಬೀಳದಂತೆ ಸರ್ಕಾರ ಅಡ್ಡ ನಿಲ್ಲಬೇಕು. ಎಡಪಕ್ಷಗಳು 2010ರಿಂದ ಹೇಳುತ್ತಿರುವುದು ಅದನ್ನೇ. ನನ್ನ ತಕರಾರು ಹಿಡಿದದ್ದರ ಬಗ್ಗೆ ಅಲ್ಲ. ಹಿಡಿದೇ ಇಲ್ಲ ಅನ್ನುವುದರ ಬಗ್ಗೆ. ಹಿಡಿದಿದ್ದೇವೆ ಅಂತ ಒಪ್ಪಿಕೊಂಡರೆ ಕಚ್ಚಾ ತೈಲ ಇಳಿದಾಗ ಯಾಕೆ ಬಿಡಲಿಲ್ಲ ಅನ್ನುವುದಕ್ಕೂ ಉತ್ತರ ಕೊಡಬೇಕಾಗುತ್ತದೆ. 2023–24ರಲ್ಲಿ ಆ ಮೂರು ಕಂಪನಿಗಳ ಲಾಭ ಒಟ್ಟು ಸುಮಾರು 81 ಸಾವಿರ ಕೋಟಿ ರೂಪಾಯಿ. ಹಿಂದಿನ ವರ್ಷದ ನಷ್ಟ ತುಂಬಿಕೊಂಡವು ಅನ್ನುವ ಸಮಾಧಾನ ಇದೆ. ಆ ನಷ್ಟ ಎಷ್ಟು, ಯಾವಾಗ ತುಂಬಿತು, ಯಾರ ಜೇಬಿನಿಂದ ಅನ್ನುವ ಲೆಕ್ಕವನ್ನು ಬಂಕಿಗೆ ಬಂದವರ ಮುಂದೆ ಯಾರೂ ಬಿಚ್ಚಿಡಲಿಲ್ಲ. ಎದುರು ಸುರುಳಿಯೇ ಇಲ್ಲ.

ತೆರಿಗೆಯ ಕತೆ ಇನ್ನೂ ನೇರ. 2014ರ ನವೆಂಬರ್‌ನಿಂದ 2016ರ ಜನವರಿ ತನಕ ಕಚ್ಚಾ ತೈಲ ಕುಸಿಯುತ್ತಾ ಹೋಯಿತು. ಅದೇ ಅವಧಿಯಲ್ಲಿ ಕೇಂದ್ರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿತು. ಪೆಟ್ರೋಲ್ ಮೇಲೆ ಲೀಟರಿಗೆ 11 ರೂಪಾಯಿ 77 ಪೈಸೆ, ಡೀಸೆಲ್ ಮೇಲೆ 13 ರೂಪಾಯಿ 47 ಪೈಸೆ. 2020ರ ಮೇನಲ್ಲಿ, ಕೊರೊನಾದಿಂದ ತೈಲ ನೆಲ ಕಚ್ಚಿದಾಗ, ಒಂದೇ ಏಟಿಗೆ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13. ಇಳಿದರೆ ಇಳಿಕೆ ಅನ್ನುವ ಅರ್ಧ ಭರವಸೆ ಅಲ್ಲೇ ಆವಿಯಾಯಿತು. ನಮ್ಮ ರಾಜ್ಯದವರೂ ಕಡಿಮೆಯಿಲ್ಲ. ಲೋಕಸಭಾ ಫಲಿತಾಂಶ ಬಂದದ್ದು 2024ರ ಜೂನ್ 4ಕ್ಕೆ. ಜೂನ್ 15ಕ್ಕೆ ಸಿದ್ದರಾಮಯ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನ ಬೋರ್ಡಿನಲ್ಲಿ 102.86. ಕ್ಯಾಲೆಂಡರ್ ಓದುವುದರಲ್ಲಿ ಪಕ್ಷಭೇದ ಇಲ್ಲ. ಕರೆಂಟು, ಅಕ್ಕಿ ಕೊಟ್ಟ ಸರ್ಕಾರ ಅಂತ ಇದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಇಂಧನ ತೆರಿಗೆ ಬಡವರಿಗೂ ಒಂದೇ, ಸಾಹುಕಾರರಿಗೂ ಒಂದೇ.

ಹಾಗಾದರೆ ನಿಯಮ ಇರುವ ದರ ಹೇಗಿರುತ್ತದೆ? ಕರೆಂಟ್ ಬಿಲ್ ನೋಡಿ. ಬೆಸ್ಕಾಂ, ಹೆಸ್ಕಾಂ ತಮಗೆ ಬೇಕಾದಷ್ಟು ಏರಿಸುವಂತಿಲ್ಲ. ಇಷ್ಟು ಖರ್ಚಾಗಿದೆ, ಇಷ್ಟು ಏರಿಸಿ ಅಂತ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಅರ್ಜಿ ಜನರಿಗೆ ಸಿಗಬೇಕು. ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ಬಹಿರಂಗ ವಿಚಾರಣೆ ನಡೆಯುತ್ತದೆ. ಅಲ್ಲಿ ರೈತ ಸಂಘದವರು, ಸಣ್ಣ ಕೈಗಾರಿಕೆಯವರು ಎದ್ದು ನಿಂತು ನಿಮ್ಮ ಸೋರಿಕೆಗೆ ನಾವ್ಯಾಕೆ ದುಡ್ಡು ಕೊಡಬೇಕು ಅಂತ ಕೇಳುತ್ತಾರೆ. ಕೊನೆಗೆ ಕಾರಣ ಬರೆದ ಆದೇಶ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಇದೆ. ಆಯೋಗಕ್ಕೂ ಚುನಾವಣೆಯ ಕಣ್ಣು ಇಲ್ಲ ಅಂತಲ್ಲ. 2023ರ ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ಯೂನಿಟ್‌ಗೆ 70 ಪೈಸೆ ಏರಿಸಿದ ಆದೇಶ ಹೊರಬಿದ್ದದ್ದು 12ರಂದು! ಆದರೂ ಕೈಯಲ್ಲಿ ಹಿಡಿದು ಜಗಳ ಆಡಲು ಒಂದು ಆದೇಶದ ಪ್ರತಿ ಇತ್ತು.

ಪೆಟ್ರೋಲ್‌ಗೆ ಅರ್ಜಿಯಿಲ್ಲ, ವಿಚಾರಣೆಯಿಲ್ಲ, ಆದೇಶವಿಲ್ಲ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಕ್ಕೆ ಅಂತ ಒಂದು ಮಂಡಳಿ 2006ರ ಕಾನೂನಿನಲ್ಲೇ ಬಂದಿದೆ, ಬಂಕಿನ ದರ ಅದರ ಕೈಯಲ್ಲಿಲ್ಲ. ಹೋದದ್ದು ನಿಯಮ. ಉಳಿದದ್ದು ನಿಯಂತ್ರಣ. ಪದ ಮಾತ್ರ ತಲೆಕೆಳಗಾಗಿ ಅದನ್ನೇ ‘ನಿಯಂತ್ರಣ ಮುಕ್ತ’ ಅನ್ನುತ್ತದೆ. ‘ನಿಯಮ ಮುಕ್ತ’ ಅಂದಿದ್ದರೆ ಕನಿಷ್ಠ ಸುಳ್ಳಾಗುತ್ತಿರಲಿಲ್ಲ.

2020ರ ಮೂರು ಕೃಷಿ ಕಾನೂನುಗಳ ಹೊತ್ತಿಗೂ ಇದೇ ‘ಮುಕ್ತ’ ಕೆಲಸಕ್ಕೆ ಬಂತು. ರೈತರಿಗೆ ಎಪಿಎಂಸಿಯಿಂದ ಮುಕ್ತಿ ಅಂದರು. ತೂಕ, ಹರಾಜು, ದಲ್ಲಾಳಿಯ ಲೈಸೆನ್ಸ್ ಎಲ್ಲ ಎಪಿಎಂಸಿಯ ಕಟ್ಟಳೆಗಳೇ. ಅದರಲ್ಲಿ ಹುಳುಕು ಬೇಕಾದಷ್ಟಿತ್ತು. ಆದರೆ ಮುಕ್ತಿ ಪಡೆಯಬೇಕಾದವರೇ ದೆಹಲಿ ಗಡಿಯಲ್ಲಿ ಒಂದು ವರ್ಷ ಕೂತು ಬೇಡ ಅಂದರು. 2021ರ ನವೆಂಬರ್‌ನಲ್ಲಿ ಕಾನೂನು ವಾಪಸಾಯಿತು.

ಇದೇ ಗುಂಪಿನ ಇನ್ನೊಂದು ಪದ ‘ಅಂಡರ್ ರಿಕವರಿ’. ನಮ್ಮ ಪತ್ರಿಕೆಗಳು ಇದನ್ನು ಕಣ್ಣುಮುಚ್ಚಿ ‘ನಷ್ಟ’ ಅಂತ ಬರೆಯುತ್ತವೆ. ನಷ್ಟ ಅಲ್ಲ. ಭಾರತ ಹೊರಗಿನಿಂದ ತರುವುದು ಮುಖ್ಯವಾಗಿ ಕಚ್ಚಾ ತೈಲ, ಶುದ್ಧೀಕರಣ ಇಲ್ಲೇ. ಆದರೂ ಸಿದ್ಧ ಪೆಟ್ರೋಲನ್ನೇ ಹಡಗಿನಲ್ಲಿ ತರಿಸಿದ್ದರೆ ಎಷ್ಟಾಗುತ್ತಿತ್ತು ಅನ್ನುವುದರ ಮೇಲೆ ಬಹುಪಾಲು ಲೆಕ್ಕ ಹಾಕುತ್ತಾರೆ. ಕೊಡದ ಹಡಗು ಬಾಡಿಗೆಯೂ ಅದರಲ್ಲಿ ಸೇರುತ್ತದೆ. ಆ ಊಹೆಯ ದರಕ್ಕೂ ಮಾರಿದ ದರಕ್ಕೂ ಇರುವ ಅಂತರವೇ ಅಂಡರ್ ರಿಕವರಿ. ಲಾಭ ಮಾಡಿದ ಕಂಪನಿಗೂ ಅಂಡರ್ ರಿಕವರಿ ಇರಬಹುದು.

ಸುದ್ದಿ ಬರೆಯುವವರಿಗೆ ಬದಲಿ ಪದ ಬೇಕು ಅಂದರೆ ಪದವೇ ಬೇಡ ಅನ್ನುತ್ತೇನೆ. ಕೊನೆಯ ಪ್ಯಾರಾದಲ್ಲಿ ಆ ಹಳೆ ಸಾಲಿನ ಜಾಗಕ್ಕೆ ಮೂರು ಅಂಕಿ ಹಾಕಿ: ಇವತ್ತಿನ ಕಚ್ಚಾ ತೈಲದ ದರ, ಲೀಟರಿಗೆ ಕೇಂದ್ರದ ತೆರಿಗೆ, ಲೀಟರಿಗೆ ರಾಜ್ಯದ ತೆರಿಗೆ. ಜಾಗ ಉಳಿದರೆ ಮುಂದಿನ ಚುನಾವಣೆಯ ದಿನಾಂಕವನ್ನೂ ಸೇರಿಸಿ.