ಪೆಟ್ಟು ತಿಂದ ಫೋಮ್ ಒಳಗೆ ಎಷ್ಟು ಹಾಳಾಗಿದೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ಯಾನೆಲ್ ವರ್ಕ್‌ಶಾಪ್ ಇದೆ. ಗ್ಲಾಸ್ ಫೈಬರ್ ಸೇರಿಸಿದ ಪಫ್ (ಪಾಲಿಯುರೆಥೇನ್ ಫೋಮ್) ಬಳಸುತ್ತೇವೆ. ಒಂದು ಸಲ ಜಾಸ್ತಿ ಭಾರ ಬಿದ್ದರೂ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಎಷ್ಟು ಹಾಳಾಗಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದಂತೆ. ಅದು ಹೇಗೆ ಸಾರ್?

ಉತ್ತರ: ಮೆಕ್ಯಾನಿಕಲ್ ಓದುವ ಫೈನಲ್ ಇಯರ್ ಹುಡುಗರೂ ಇದನ್ನೇ ಕೇಳುತ್ತಿರುತ್ತಾರೆ. ಲೆಕ್ಕಕ್ಕೆ ಮುಂಚೆ ಒಂದು ಕೆಲಸ ಮಾಡಿ. ಸಿಟಿ ಮಾರ್ಕೆಟ್ ಕಡೆ ಹೋದಾಗ, ಬೊಕೆ ಕಟ್ಟುವವರ ಹತ್ತಿರ ಹೂವು ಚುಚ್ಚುವ ಹಸಿರು ಫೋಮ್ ಒಂದು ತುಂಡು ತನ್ನಿ. ಒಣಗಿರುವಾಗಲೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಪುಡಿ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ.

ಮೊದಲು ಅದು ಜಗ್ಗುವುದಿಲ್ಲ. ಇನ್ನೊಂಚೂರು ಒತ್ತಿದರೆ ಸಣ್ಣಗೆ ಕರಕರ ಅನ್ನುತ್ತದೆ. ಅಲ್ಲಿಂದ ಬೆರಳು ಹೆಚ್ಚು ಶಕ್ತಿ ಹಾಕದೆಯೇ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಅಡಿಯಲ್ಲಿ ಒತ್ತಾಗಿ ಕೂತು ಮತ್ತೆ ಗಟ್ಟಿಯಾಗುತ್ತದೆ. ಬೆರಳು ತೆಗೆದರೆ ಗುಳಿ ಹಾಗೇ ಉಳಿದಿರುತ್ತದೆ. ಗುಳಿಯ ಸುತ್ತ ನೋಡಿ, ಎಲ್ಲೂ ಉಬ್ಬಿಲ್ಲ. ಚಪಾತಿ ಹಿಟ್ಟನ್ನು ಹೀಗೆ ಒತ್ತಿದ್ದರೆ ಪಕ್ಕಕ್ಕೆ ಉಬ್ಬುತ್ತಿತ್ತು, ಅಲ್ವಾ?

ನಿಮ್ಮ ಪಫ್‌ನಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಕೋಲ್ಡ್ ಸ್ಟೋರೇಜ್ ಪ್ಯಾನೆಲ್‌ಗೆ ಹಾಕುವ ಪಫ್ ಸಾಮಾನ್ಯವಾಗಿ ಕ್ಯೂಬಿಕ್ ಮೀಟರ್‌ಗೆ ಸುಮಾರು 40 ಕೆ.ಜಿ. ತೂಗುತ್ತದೆ. ಗುಳ್ಳೆಗಳೇ ಇಲ್ಲದ ಗಟ್ಟಿ ಪಾಲಿಯುರೆಥೇನ್ ಸುಮಾರು 1,200 ಕೆ.ಜಿ. ಅಂದರೆ ನೂರರಲ್ಲಿ ಮೂರು ಪಾಲು ಮಾತ್ರ ಮಾಲು, ಉಳಿದಿದ್ದೆಲ್ಲ ಗ್ಯಾಸ್. ಭಾರ ಹೊರುವುದು ಆ ಗುಳ್ಳೆಗಳ ತೆಳು ಗೋಡೆಗಳು. ಅವು ಮೊದಲು ಬಾಗುತ್ತವೆ, ಆಮೇಲೆ ಸಾಲುಸಾಲಾಗಿ ಕುಸಿಯುತ್ತವೆ, ಕೊನೆಗೆ ಒಂದರ ಮೇಲೊಂದು ಕೂರುತ್ತವೆ. ಭಾರ ಎರಡರಷ್ಟಾದರೆ ತಗ್ಗುವುದೂ ಎರಡರಷ್ಟು ಅನ್ನುವ ಶಾಲೆಯ ಲೆಕ್ಕ ಇಲ್ಲಿ ಮೊದಲ ಕೆಲವು ಪರ್ಸೆಂಟ್‌ಗೆ ಮಾತ್ರ ನಡೆಯುತ್ತದೆ.

ಇನ್ನು ಫೈಬರ್. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದರಲ್ಲ, ಅದೇ ಉಪಾಯ. ಎಳೆದಾಗ ಬಿರುಕು ಬಾಯಿ ಬಿಡದಂತೆ ಗಾಜಿನ ಎಳೆಗಳು ಹಿಡಿದುಕೊಳ್ಳುತ್ತವೆ. ಆದರೆ ಹೆಚ್ಚಿನ ಹಾಳೆಗಳಲ್ಲಿ ಎಳೆಗಳು ಹಾಳೆಯ ಉದ್ದಗಲಕ್ಕೇ ಮಲಗಿರುತ್ತವೆ, ನೆಟ್ಟಗೆ ನಿಂತಿರುವುದಿಲ್ಲ. ಹಾಗಾಗಿ ಉದ್ದಕ್ಕೆ ಎಳೆದಾಗ ಸಿಗುವ ಬಲ ಮೇಲಿಂದ ಒತ್ತಿದಾಗ ಸಿಗುವುದಿಲ್ಲ. ದ್ರವ ನೈಸರ್ಗಿಕ ಅನಿಲ ಸಾಗಿಸುವ ಹಡಗುಗಳ ಟ್ಯಾಂಕ್‌ಗೆ ಇದೇ ಜಾತಿಯ ಫೋಮ್ ಹಾಕುತ್ತಾರೆ. ಅಲ್ಲಿ ಒಳಗಡೆ ಸುಮಾರು ಮೈನಸ್ 163 ಡಿಗ್ರಿ ಚಳಿ, ಜೊತೆಗೆ ಒಳಗಿನ ದ್ರವ ತುಳುಕಿ ತುಳುಕಿ ಗೋಡೆಗೆ ಹೊಡೆಯುತ್ತಿರುತ್ತದೆ. ಈ ಲೆಕ್ಕಗಳ ಮೇಲೆ ಇಷ್ಟೊಂದು ಕೆಲಸ ನಡೆದಿರುವುದಕ್ಕೆ ಅದೂ ಒಂದು ಕಾರಣ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಷ್ಟು ಗೋಡೆ ಮುರಿದಿದೆ, ಎಷ್ಟು ಎಳೆ ಬಿಟ್ಟುಕೊಂಡಿದೆ ಅಂತ ಒಂದೊಂದಾಗಿ ಎಣಿಸಲು ಆಗುವುದಿಲ್ಲ. 1958ರಲ್ಲಿ ಸೋವಿಯತ್ ರಷ್ಯಾದ ಲಾಜರ್ ಕಚನೋವ್, ಬಿಸಿಯಲ್ಲಿ ನಿಧಾನವಾಗಿ ಹಿಗ್ಗಿ ಮುರಿಯುವ ಲೋಹಗಳಿಗಾಗಿ ಒಂದು ದಾರಿ ಹುಡುಕಿದರು. ಒಳಗಿನ ಹಾಳನ್ನೆಲ್ಲ ಒಂದೇ ಒಂದು ಸಂಖ್ಯೆಯಲ್ಲಿ ಹಿಡಿಯುವುದು. ಈಗ ಫೋಮ್‌ಗೂ ಅದೇ ದಾರಿ. ಸೊನ್ನೆ ಅಂದರೆ ಹೊಸ ಮಾಲು, ಒಂದು ಅಂದರೆ ಪೂರ್ತಿ ಹೋಗಿದೆ.

ಆ ಸಂಖ್ಯೆ ಸಿಗುವುದು ಟೆಸ್ಟಿಂಗ್ ಮೆಷಿನ್‌ನಲ್ಲಿ. ತುಂಡನ್ನು ಸ್ವಲ್ಪ ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು. ಎಷ್ಟು ತಗ್ಗಿಸಲು ಎಷ್ಟು ಬಲ ಬೇಕಾಯಿತು ಅಂತ ಮೆಷಿನ್ ಒಂದು ಗೆರೆ ಬರೆಯುತ್ತದೆ. ಗೆರೆ ಕಡಿದಾಗಿ ಏರಿದಷ್ಟೂ ಮಾಲು ಬಿಗಿ. ಮೊದಲ ಸಲ ಗೆರೆಯ ಏರು 40 ಇತ್ತು ಅಂದುಕೊಳ್ಳಿ. ಒಂದು ಸಲ ಜೋರಾಗಿ ಒತ್ತಿ ಬಿಟ್ಟ ಮೇಲೆ ಏರು 28ಕ್ಕೆ ಇಳಿಯಿತು. ನೂರರಲ್ಲಿ ಮೂವತ್ತು ಪಾಲು ಬಿಗಿ ಹೋಯಿತು, ಹಾಳಿನ ಸಂಖ್ಯೆ 0.3. ಉಳಿದ ಗುಳಿಯ ಲೆಕ್ಕ ಬೇರೆ. ಗುಳಿ ಕಾಣದೆಯೂ ಬಿಗಿ ಕಡಿಮೆಯಾಗಿರಬಹುದು. ನಿಮಗೆ ಹೊರಗೆ ಏನೂ ಕಾಣದಿರುವುದು ಇದಕ್ಕೇ.

ಕಂಪ್ಯೂಟರ್ ಪ್ಯಾನೆಲನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಮಾಡಿಕೊಂಡು, ಭಾರವನ್ನು ಹಂತ ಹಂತವಾಗಿ ಏರಿಸುತ್ತದೆ. ಪ್ರತಿ ಹಂತದಲ್ಲೂ ಪ್ರತಿ ತುಂಡಿಗೆ ಒಂದೇ ಪ್ರಶ್ನೆ: ಇಲ್ಲಿಯವರೆಗೆ ನೀನು ಕಂಡ ಅತಿ ದೊಡ್ಡ ಎಳೆತಕ್ಕಿಂತ, ಒತ್ತಿಗಿಂತ ಇದು ಜಾಸ್ತಿಯಾ? ಹೌದಾದರೆ, ಟೆಸ್ಟ್‌ನಲ್ಲಿ ಕಂಡ ಪ್ರಮಾಣದಲ್ಲೇ ಹಾಳಿನ ಸಂಖ್ಯೆ ಏರುತ್ತದೆ. ಇಲ್ಲವಾದರೆ ಇದ್ದಷ್ಟೇ ಇರುತ್ತದೆ. ಇಳಿಯುವುದಂತೂ ಇಲ್ಲವೇ ಇಲ್ಲ. ಹಾಳಿನ ಲೆಕ್ಕದಲ್ಲಿ ಫೋಮ್‌ನ ನೆನಪು ಅಷ್ಟೇ.

ಇದರಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹೊಸದರಲ್ಲಿ, ಎಳೆದಾಗ ಬಿರುಕು ಬಿಡುವ ಲೆಕ್ಕವೊಂದನ್ನು ಇನ್ನೂ ನಿಖರವಾಗಲಿ ಅಂತ ತುಂಡುಗಳನ್ನು ಅರ್ಧ ಮಾಡಿದೆ. ಪ್ಯಾನೆಲ್ ಮುಂಚೆಗಿಂತ ಬೇಗ ಮುರಿಯಿತು. ಇನ್ನೂ ಅರ್ಧ ಮಾಡಿದೆ, ಇನ್ನೂ ಬೇಗ. ಒಂದು ವಾರ ನಿದ್ದೆ ಇಲ್ಲ. ಆಗಿದ್ದೇನೆಂದರೆ, ಒಳಗಿನ ಹಾಳು ಪೂರ್ತಿ ಒಂದೇ ಸಾಲು ತುಂಡುಗಳಲ್ಲಿ ಸೇರಿಕೊಳ್ಳುತ್ತಿತ್ತು. ಸಾಲು ತೆಳುವಾದಷ್ಟೂ ಮುರಿಯಲು ಬೇಕಾದ ಶಕ್ತಿಯೂ ಲೆಕ್ಕದಲ್ಲಿ ಸುಮ್ನೆ ಕರಗುತ್ತಿತ್ತು. ಒಂದು ಚದರ ಮೀಟರ್ ಬಿರುಕಿಗೆ ಇಷ್ಟು ಶಕ್ತಿ ಬೇಕೇ ಬೇಕು ಅಂತ ಅಳೆದು, ಅದನ್ನು ತುಂಡಿನ ಅಳತೆಗೆ ಕಟ್ಟಿಹಾಕಿದ ಮೇಲೆ ಉತ್ತರ ಒಂದು ಕಡೆ ನಿಂತಿತು. ಯಾರಾದರೂ ಕಂಪ್ಯೂಟರ್ ಲೆಕ್ಕದ ಬಣ್ಣಬಣ್ಣದ ಚಿತ್ರ ತೋರಿಸಿದರೆ ಮೊದಲು ಇದನ್ನೇ ಕೇಳಿ: ತುಂಡು ಚಿಕ್ಕದು ಮಾಡಿದರೆ ಉತ್ತರ ಬದಲಾಗುತ್ತದಾ?

ಇನ್ನೊಂದು ಮಾತು. ಒಂದೇ ಸಲ ಕೊನೆಯವರೆಗೆ ಒತ್ತಿ ಮುಗಿಸಿದ ಟೆಸ್ಟ್ ರಿಪೋರ್ಟ್‌ನಿಂದ ನಿಮ್ಮ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಅದರಲ್ಲಿ ಬಿಟ್ಟು ಮತ್ತೆ ಒತ್ತಿದ ಗೆರೆಯೇ ಇರುವುದಿಲ್ಲ. ಕಾಸು ಉಳಿಸಲು ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ನನಗೆ ಬೇಜಾರಾಗುವುದೂ ಅದಕ್ಕೇ. ಆ ಭಾರ ಬಿದ್ದ ಪ್ಯಾನೆಲ್ ಇನ್ನೂ ಇದೆಯಾ? ಎಸೆಯಬೇಡಿ. ಭಾರ ಬಿದ್ದ ಜಾಗದಿಂದ ಒಂದು ತುಂಡು, ಅದೇ ಬ್ಯಾಚ್‌ನ ಹೊಸ ಪ್ಯಾನೆಲ್‌ನಿಂದ ಒಂದು ತುಂಡು, ಒಂದೇ ಅಳತೆಗೆ ಕತ್ತರಿಸಿ. ಎಳೆ ಯಾವ ಕಡೆಗೆ ಮಲಗಿದೆ ಅಂತ ಎರಡರ ಮೇಲೂ ಮಾರ್ಕರ್‌ನಲ್ಲಿ ಬಾಣ ಹಾಕಿ. ಎರಡನ್ನೂ ಒಂದೇ ಮೆಷಿನ್‌ನಲ್ಲಿ ಒತ್ತಿಸಿ, ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಬರೆಸಿಕೊಳ್ಳಿ.