ಸೆಗೋವಿಯಾ: ಎಲ್ಲಿ ನಿಂತು ಚಿತ್ರ ತೆಗೆಯಬೇಕು, ಏಕೆ?

ಮ್ಯಾಡ್ರಿಡ್‌ನ ವಾಯವ್ಯಕ್ಕೆ, ಗ್ವಾದರಾಮಾ ಪರ್ವತಸಾಲಿನ ಆಚೆ ಬದಿಯಲ್ಲಿದೆ ಸೆಗೋವಿಯಾ ಎಂಬ ಪುಟ್ಟ ನಗರ. ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ನೋಡಬೇಕಾದ ಸ್ಥಳಗಳ ಪಟ್ಟಿ ಯಾವ ಕೈಪಿಡಿಯಲ್ಲೂ ಸಿಗುತ್ತದೆ; ಛಾಯಾಗ್ರಹಣ ಕಲಿಯುವವರು ಅದಕ್ಕೂ ಮೊದಲು ಊರಿನ ನೆಲವನ್ನು ಓದಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರೆಸ್ಮಾ ಮತ್ತು ಕ್ಲಾಮೋರೆಸ್ ಹೊಳೆಗಳು ಕೊರೆದ ಕಣಿವೆಗಳ ನಡುವೆ ಉದ್ದನೆಯ ಬಂಡೆಯೊಂದು ಎದ್ದು ನಿಂತಿದೆ. ಹಳೆಯ ಊರು ಅದರ ಮೇಲಿದೆ. ಹಗೆಗಳಿಗೆ ಎಟುಕದ ಎತ್ತರವೇನೋ ಸಿಕ್ಕಿತು, ನೀರು ಮಾತ್ರ ಕೆಳಗೇ ಉಳಿಯಿತು. ಪೂರ್ವದ ತುದಿಯ ಮೇಲ್ಗಾಲುವೆಗೂ (ಕಮಾನುಗಳ ಮೇಲೆ ನೀರು ಹರಿಸುವ ಕಾಲುವೆ) ಪಶ್ಚಿಮದ ತುದಿಯ ಕೋಟೆಗೂ ಈ ಬಂಡೆಯೇ ಕಾರಣ.

ಮೇಲ್ಗಾಲುವೆಯಿಂದ ಆರಂಭಿಸಿ. ರೋಮನ್ನರು ಪರ್ವತದ ನೀರನ್ನು ಸಣ್ಣ ಇಳಿಜಾರಿನಲ್ಲಿ ಬಹು ದೂರದಿಂದ ತಂದರು. ಊರ ಬಾಗಿಲಿಗೆ ಬಂದಾಗ ನೆಲ ತಗ್ಗಿತು, ಕಾಲುವೆ ತಗ್ಗುವಂತಿರಲಿಲ್ಲ. ನೆಲ ಇಳಿದಷ್ಟೂ ಕಮಾನುಗಳು ಬೆಳೆದವು. ಅತಿ ತಗ್ಗಾದ ಅಸೊಗೆಹೊ ಚೌಕದಲ್ಲಿ ಎರಡು ಅಂತಸ್ತಿನ ಕಮಾನುಗಳು ಸುಮಾರು 28 ಮೀಟರ್ ಎತ್ತರಕ್ಕೆ ಏರುತ್ತವೆ. ಎಲ್ಲರೂ ಚಿತ್ರ ತೆಗೆಯುವುದು ಇಲ್ಲಿಯೇ, ತೆಗೆಯಬೇಕಾದದ್ದೂ ಹೌದು. ಕಂಬದ ಬುಡದಲ್ಲಿ ಒಬ್ಬ ಮನುಷ್ಯನನ್ನು ಚೌಕಟ್ಟಿನೊಳಗೆ ಸೇರಿಸಿದರೆ ಆ ಎತ್ತರ ಚಿತ್ರದಲ್ಲಿಯೂ ಉಳಿಯುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಕಮಾನುಗಳ ಸಾಲನ್ನು ಹಿಡಿದು ಊರಿನ ಹೊರಬದಿಗೆ ನಡೆದರೆ ಎರಡು ಅಂತಸ್ತು ಒಂದಾಗುತ್ತದೆ, ಕಮಾನುಗಳು ಕುಗ್ಗುತ್ತಾ ಹೋಗುತ್ತವೆ. ಚೌಕದ ಪಕ್ಕದ ಮೆಟ್ಟಿಲುಗಳನ್ನೇರಿ ಪೋಸ್ಟಿಗೊ ದೆಲ್ ಕೋನ್ಸುಯೆಲೊ ಎಂಬ ಎತ್ತರದ ತಾಣ ತಲುಪಿದರೆ ಇಡೀ ರಚನೆ ಮೇಲಿನಿಂದ ಕಾಣುತ್ತದೆ.

ದೂರದರ್ಶಕ ಮಸೂರವಿದ್ದರೆ ಕಲ್ಲುಗಳನ್ನು ಹತ್ತಿರಕ್ಕೆ ತನ್ನಿ. ಗಾರೆಯಿಲ್ಲದೆ ಜೋಡಿಸಿದ ಗ್ರಾನೈಟ್ ಕಲ್ಲುಗಳವು. ಮೈಮೇಲೆ ಕಾಣುವ ಸಣ್ಣ ಕುಳಿಗಳು ಅವನ್ನು ಎತ್ತಲು ಇಕ್ಕಳ ಕಚ್ಚಿದ ಗುರುತುಗಳು. ನನಗೆ ಇಡೀ ಸೆಗೋವಿಯಾದಲ್ಲಿ ಅತ್ಯಂತ ಪ್ರಿಯವಾದ ವಿವರ ಇದೇ: ಕೆಲಸಗಾರರ ಕೈಗುರುತು ಎರಡು ಸಾವಿರ ವರ್ಷಗಳ ಹತ್ತಿರದಿಂದಲೂ ಕಲ್ಲಿನಲ್ಲಿ ಹಾಗೆಯೇ ಇದೆ.

ಊರೊಳಗೆ ಏರುವ ದಾರಿಯಲ್ಲಿ ಕಾಸಾ ದೆ ಲೋಸ್ ಪಿಕೋಸ್ ಎಂಬ ಮನೆ ಇದೆ. ಮುಂಗೋಡೆಯ ತುಂಬ ಚೂಪು ತುದಿಯ ಕಲ್ಲುಗಳು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅದರ ಅಂದ ಹೊಮ್ಮುತ್ತದೆ. ನೇರ ಬೆಳಕಿನಲ್ಲಿ ಗೋಡೆ ಚಪ್ಪಟೆಯಾಗುತ್ತದೆ. ಗಾರೆಯ ಮೇಲ್ಪದರವನ್ನು ಕೆರೆದು ವಿನ್ಯಾಸ ಮೂಡಿಸಿದ ಇಲ್ಲಿನ ಮನೆಗೋಡೆಗಳಿಗೂ ಇದೇ ಮಾತು.

ಮುಂದಿನದು ಇತಿಹಾಸ ತಿಳಿಯದೆ ಅರ್ಥವಾಗದ ದೃಶ್ಯ. ಅಲ್ಕಾಸರ್ ಕೋಟೆಯ ಎದುರು ವಿಶಾಲವಾದ ಬಯಲು ಇದೆ, ಅದರಿಂದಲೇ ಕೋಟೆಯ ಮುಂಭಾಗ ಅಡೆತಡೆಯಿಲ್ಲದೆ ಚೌಕಟ್ಟಿಗೆ ಸಿಗುತ್ತದೆ. ಒಂದು ಕಾಲದಲ್ಲಿ ಅಲ್ಲಿ ಊರಿನ ಹಳೆಯ ಕತೀಡ್ರಲ್ ನಿಂತಿತ್ತು. 1520ರಲ್ಲಿ ಕೊಮುನೇರೋಗಳು ಎಂಬ ಬಂಡುಕೋರ ನಗರವಾಸಿಗಳು ರಾಜನ ವಿರುದ್ಧ ದಂಗೆಯೆದ್ದು, ಅದನ್ನು ನೆಲೆಯಾಗಿಸಿಕೊಂಡು ಕೋಟೆಯ ಮೇಲೆ ದಾಳಿ ಮಾಡಿದರು. ಆ ಕಾಳಗದಲ್ಲಿ ಕತೀಡ್ರಲ್ ಹಾಳಾಯಿತು. ಹೊಸದನ್ನು 1525ರಲ್ಲಿ ಕೋಟೆಯಿಂದ ದೂರ, ಊರಿನ ಮುಖ್ಯ ಚೌಕವಾದ ಪ್ಲಾಸಾ ಮಯೋರ್ ಬಳಿ ಆರಂಭಿಸಿದರು. ಹಳೆಯದರ ಕಂಬಸಾಲಿನ ಅಂಗಳವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಲ್ಲಿಗೆ ಸಾಗಿಸಿದರು. ಕೋಟೆಯ ಹ್ವಾನ್ ಗೋಪುರವನ್ನು ಏರಿ ಊರಿನತ್ತ ತಿರುಗಿದರೆ ಹತ್ತಿರದ ಬಯಲೂ ದೂರದ ಹೊಸ ಕತೀಡ್ರಲ್ಲೂ ಒಂದೇ ಚಿತ್ರದಲ್ಲಿ ಬರುತ್ತವೆ.

ಅಲ್ಕಾಸರ್‌ನ ಚೂಪು ಶಿಖರಗಳನ್ನು ಮಧ್ಯಯುಗದವೆಂದು ಟಿಪ್ಪಣಿ ಬರೆದುಕೊಳ್ಳಬೇಡಿ. ಆ ಸ್ಲೇಟು ಚಾವಣಿಯ ರೂಪ ಹದಿನಾರನೆಯ ಶತಮಾನದ ರಾಜ ಎರಡನೆಯ ಫಿಲಿಪ್‌ನ ಕಾಲದ್ದು. ಈಗ ಕಾಣುವವು 1862ರ ಬೆಂಕಿಯಲ್ಲಿ ಚಾವಣಿಗಳು ಸುಟ್ಟ ಬಳಿಕ ಮತ್ತೆ ಕಟ್ಟಿದಂಥವು.

ಕೋಟೆಯ ಪೂರ್ಣ ನೋಟಕ್ಕೆ ಎರೆಸ್ಮಾ ಕಣಿವೆಗೆ ಇಳಿಯಲೇಬೇಕು. ಸಾನ್ ಮಾರ್ಕೋಸ್ ಹುಲ್ಲುಗಾವಲಿನಿಂದ ಬಂಡೆ, ಗೋಡೆ, ಗೋಪುರ ಮೂರೂ ಒಂದರ ಮೇಲೊಂದಾಗಿ ಕಾಣುತ್ತವೆ. ಇನ್ನೂ ಸ್ವಲ್ಪ ಮೇಲಕ್ಕೆ ಹೋದರೆ ಹನ್ನೆರಡು ಮುಖಗಳ ವೇರಾ ಕ್ರೂಸ್ ಚರ್ಚು, 1208ರದು. ಇಲ್ಲಿಂದ ಕಾಣುವುದು ಕೋಟೆಯ ಉತ್ತರದ ಬದಿ ಎಂಬುದನ್ನು ನೆನಪಿಡಿ. ಬೇಸಿಗೆಯಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು ಮುಳುಗುವುದರಿಂದ ಸಂಜೆಯ ಬಿಸಿಲು ಈ ಬದಿಗೆ ತಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ನೈಋತ್ಯದಲ್ಲಿ ಮುಳುಗುತ್ತಾನೆ, ಈ ಗೋಡೆಗಳು ನೆರಳಿನಲ್ಲಿಯೇ ಇರುತ್ತವೆ. ಆಗ ಕ್ಯಾಮೆರಾದ ಬೆಳಕಿನ ಅಳತೆಯನ್ನು ಆಕಾಶಕ್ಕೆ ಹೊಂದಿಸಿ ಕೋಟೆಯನ್ನು ಕಪ್ಪು ಆಕೃತಿಯಾಗಿ ತೆಗೆಯುವುದೇ ಸರಿ.